ಕಾಯಕದ ಪ್ರಚಾರ: ಆತ್ಮಸ್ತುತಿಯೋ, ಕರ್ತವ್ಯವೋ?

ತಾನು ಮಾಡಿದ ಕೆಲಸವನ್ನು ತಾನೇ ಹೊಗಳಿಕೊಳ್ಳುವುದು ಸಜ್ಜನರಿಗೆ ಒಪ್ಪುವ ನಡತೆಯಲ್ಲವೆಂದು ನಮ್ಮ ಹಿರಿಯರು ಬಲವಾಗಿ ನಂಬಿದ್ದರು. ಪರನಿಂದೆಯಂತೆ ಆತ್ಮಸ್ತುತಿಯೂ ದೋಷವೆಂಬ ಮಾತನ್ನು ಕೇಳುತ್ತಲೇ ನಾವು ಮಠದ ಪ್ರಸಾದನಿಲಯದಲ್ಲಿ ಬೆಳೆದೆವು. ಪರೀಕ್ಷೆಯ ಫಲಿತಾಂಶ ಬಂದ ದಿನ ಯಾವನಾದರೂ ಹುಡುಗ ಪಂಕ್ತಿಯಲ್ಲಿ ಕುಳಿತು ತನ್ನ ಅಂಕಗಳನ್ನು ಗಟ್ಟಿಯಾಗಿ ಹೇಳಿದರೆ, ಬಡಿಸುತ್ತಿದ್ದ ಹಿರಿಯರು ಸೌಟು ಹಿಡಿದು ಕ್ಷಣಕಾಲ ಅವನ ಮುಖವನ್ನು ನೋಡಿ ಮುಂದೆ ಸಾಗುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು. ಆ ಹುಡುಗನ ಜೊತೆಗೆ ನಾವೆಲ್ಲರೂ ತಲೆ ತಗ್ಗಿಸುತ್ತಿದ್ದೆವು. ಈ ಸಂಸ್ಕಾರವನ್ನು ಹೊತ್ತುಕೊಂಡೇ ನಾವು ಜೀವನದ ನಾನಾ ಕ್ಷೇತ್ರಗಳಿಗೆ ಹೋದೆವು. ಅದರಿಂದ ನಮಗೆ ಒಳಿತೇ ಆಗಿದೆಯೆಂಬುದನ್ನು ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಒಪ್ಪುವರೆಂದು ನಂಬುತ್ತೇನೆ.

ಆದರೆ ಈ ನಂಬಿಕೆಯನ್ನು ಮತ್ತೊಮ್ಮೆ ಒರೆಗೆ ಹಚ್ಚಿ ನೋಡಬೇಕಾದ ಪ್ರಸಂಗವೊಂದು ನನಗೆ ಒದಗಿತು. ನಿಲಯದಲ್ಲಿ ನನ್ನ ಜೊತೆಗಾರನಾಗಿದ್ದ ಗೆಳೆಯನೊಬ್ಬನ ಮಗಳು ಧಾರವಾಡದ ಸಮೀಪದ ಹಳ್ಳಿಯೊಂದರಲ್ಲಿದ್ದಾಳೆ. ಅವಳು ಮತ್ತು ನೆರೆಹೊರೆಯ ಏಳು ಮಂದಿ ಮಹಿಳೆಯರು ಕೂಡಿ ಕಸೂತಿಯ ಕೆಲಸ ಮಾಡುತ್ತಾರೆ. ಸೀರೆಯ ಸೆರಗು, ಕುಪ್ಪಸದ ಕಣ, ಕೈಚೀಲ, ಗೋಡೆಗೆ ತೂಗುಹಾಕುವ ಪಟ್ಟಿ, ಇವು ಅವರ ಕೈಯಿಂದ ಹೊರಬರುವ ವಸ್ತುಗಳು. ಮಧ್ಯವರ್ತಿಗೆ ಕೊಟ್ಟರೆ ದಾರದ ಬೆಲೆಯೂ ಹುಟ್ಟದೆಂದು ಅವರು ಅಂತರ್ಜಾಲದಲ್ಲಿ ಒಂದು ಪುಟ್ಟ ಅಂಗಡಿಯನ್ನು ತೆರೆದರು. ಅಂಗಡಿಯೆಂದರೆ ಗೋಡೆಯಿಲ್ಲ, ಬಾಗಿಲಿಲ್ಲ. ಮೊಬೈಲ್ ಫೋನಿನಲ್ಲಿ ತೆಗೆದ ಕೆಲವು ಛಾಯಾಚಿತ್ರಗಳು, ಅವುಗಳ ಕೆಳಗೆ ಬೆಲೆ, ಇಷ್ಟೇ. ಆರು ತಿಂಗಳು ಕಳೆದರೂ ಕೊಳ್ಳುವವರು ವಿರಳ. ಆಗ ಆ ಹುಡುಗಿ ನನ್ನಲ್ಲಿಗೆ ಬಂದು, “ಕಾಕಾ, ನಮ್ಮ ಸಾಮಾನನ್ನ ನಾವ ಹೊಗಳಿಕೊಳ್ಳೂದು ತಪ್ಪಲ್ಲೇನ್ರಿ? ಹೊಗಳದಿದ್ರ ಯಾರೂ ನೋಡೂದಿಲ್ಲ. ಹೊಗಳಾಕ ಬಾಯಿ ಬರವಲ್ದು” ಎಂದಳು.

ವಾಚಕರೇ, ಈ ಪ್ರಶ್ನೆ ಮೇಲ್ನೋಟಕ್ಕೆ ವ್ಯಾಪಾರದ್ದು. ಒಳಹೊಕ್ಕು ನೋಡಿದರೆ ನೀತಿಯದು. ಅವಳ ಬಾಯಿಯನ್ನು ಕಟ್ಟಿದ್ದು ನಾವೇ ಕಲಿಸಿದ ವಿನಯ. ಆ ವಿನಯದಿಂದಾಗಿ ಎಂಟು ಮನೆಗಳ ಒಲೆಗೆ ತೊಂದರೆಯಾಗುವುದಾದರೆ, ದೋಷ ಎಲ್ಲಿದೆ? ವಿನಯದಲ್ಲಿಯೋ, ಅಥವಾ ವಿನಯವನ್ನು ನಾವು ಅರ್ಥಮಾಡಿಕೊಂಡ ಬಗೆಯಲ್ಲಿಯೋ?

ಮೊದಲು ಹಿಂದಿನ ಪರಿಸ್ಥಿತಿಯನ್ನು ನೆನೆಯೋಣ. ನಮ್ಮ ಊರುಗಳಲ್ಲಿ ವಸ್ತುವನ್ನು ಮಾಡುವವನೂ ಕೊಳ್ಳುವವನೂ ಪರಸ್ಪರ ಬಲ್ಲವರಾಗಿದ್ದರು. ಕುಂಬಾರನ ಗಡಿಗೆಯನ್ನು ಸಂತೆಯಲ್ಲಿ ಕೊಳ್ಳುವವಳು ಅದನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ನಾದವನ್ನು ಕೇಳಿ ಅನಂತರ ಕೈಚೀಲಕ್ಕೆ ಕೈಹಾಕುತ್ತಿದ್ದಳು. ಕಂಬಳಿಯನ್ನು ಕೊಳ್ಳುವವನು ಅದನ್ನು ಹೆಗಲಮೇಲೆ ಹಾಕಿ, ಮೂಸಿ, ಎಳೆದು ನೋಡುತ್ತಿದ್ದನು. ಬುಟ್ಟಿ ಬೇಗ ಮುರಿದರೆ ಮುಂದಿನ ಸಂತೆಯಲ್ಲಿ ಮೇದಾರನನ್ನು ನಾಲ್ಕು ಜನರ ನಡುವೆ ಕೇಳಬಹುದಾಗಿತ್ತು. ಅಲ್ಲಿ ವಸ್ತುವು ಕೊಳ್ಳುವವನ ಕಣ್ಣು, ಕಿವಿ, ಮೂಗು, ಚರ್ಮಗಳೊಡನೆ ತಾನೇ ಮಾತನಾಡುತ್ತಿತ್ತು. ಮಾಡಿದವನು ಮಾತನಾಡಬೇಕಾದ ಅಗತ್ಯವೇ ಇರಲಿಲ್ಲ. ಆದುದರಿಂದ ಅವನ ಮೌನವು ಅವನಿಗೆ ಭೂಷಣವೂ ಆಗಿತ್ತು, ಕೊಳ್ಳುವವನಿಗೆ ಅದರಿಂದ ನಷ್ಟವೂ ಇರಲಿಲ್ಲ.

ಇಂದು ಆ ಹುಡುಗಿಯ ಸೀರೆಯನ್ನು ಕೊಳ್ಳುವವಳು ಬೆಂಗಳೂರಿನಲ್ಲಿಯೋ, ಪುಣೆಯಲ್ಲಿಯೋ, ಸಮುದ್ರದಾಚೆಯ ಊರಿನಲ್ಲಿಯೋ ಇರುತ್ತಾಳೆ. ಅವಳಿಗೆ ಸೀರೆಯನ್ನು ಮುಟ್ಟಿ ನೋಡಲು ಬರುವುದಿಲ್ಲ. ಪಂಚೇಂದ್ರಿಯಗಳಲ್ಲಿ ನಾಲ್ಕು ನಿರುಪಯೋಗವಾಗಿ, ಕಣ್ಣೊಂದೇ ಉಳಿಯುತ್ತದೆ. ಅದೂ ಅಂಗೈಯಗಲದ ಗಾಜಿನ ಮೇಲೆ ಮೂಡಿದ ಚಿತ್ರವನ್ನು ನೋಡುವ ಕಣ್ಣು. ಉಳಿದ ನಾಲ್ಕು ಇಂದ್ರಿಯಗಳ ಕೆಲಸವನ್ನು ಈಗ ಯಾರು ಮಾಡಬೇಕು? ಮಾತು ಮಾಡಬೇಕು. ವಸ್ತುವಿನ ಜೊತೆಗೆ ಅದರ ವಿಷಯವಾದ ಮಾತನ್ನೂ ಕಳುಹಿಸದಿದ್ದರೆ ಕೊಡುವಿಕೆಯೇ ಅರ್ಧವಾಗುತ್ತದೆ. ಹೀಗೆ ನೋಡಿದಾಗ, ತನ್ನ ಕೆಲಸದ ವಿಷಯವನ್ನು ತಿಳಿಸುವುದು ಕಾಯಕದ ಹೊರಗಿನ ಮಾತಲ್ಲ. ಅದು ಕಾಯಕದ ಕೊನೆಯ ಭಾಗ.

ಇನ್ನೊಂದು ವಿಚಾರವೂ ಉಂಟು. ಕಸೂತಿಯೆಂದರೇನೆಂಬುದನ್ನು ಬಲ್ಲವರು ಈಗ ಕಡಮೆಯಾಗುತ್ತಿದ್ದಾರೆ. ಬಟ್ಟೆಯ ಮೇಲೆ ಸೀಸದಕಡ್ಡಿಯಿಂದ ಚಿತ್ರವನ್ನು ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನೇ ಎಣಿಸುತ್ತ ಹಾಕುವ ಹೊಲಿಗೆಯಿದು. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಇದರಲ್ಲಿ ನಾಲ್ಕು ಬಗೆ. ಗೋಪುರ, ತೇರು, ಪಲ್ಲಕ್ಕಿ, ತೊಟ್ಟಿಲು, ಆನೆ, ನವಿಲು ಮೊದಲಾದ ಆಕೃತಿಗಳು ಎಣಿಕೆಯ ಮೂಲಕವೇ ಮೂಡಬೇಕು. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಅದರ ಮೊಗವನ್ನು ಸೇರುವುದಿಲ್ಲ. ಬಿಚ್ಚಿ ಮತ್ತೆ ಹಾಕಬೇಕು. ಇವುಗಳಲ್ಲಿ ಗಾವಂತಿ ಮತ್ತು ಮುರ್ಗಿಗಳ ಗುಣವು ವಿಶೇಷವಾದುದು. ದಾರಕ್ಕೆ ಗಂಟು ಹಾಕದೆ, ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆಯನ್ನು ತುಂಬಿ, ಮರಳಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾರೆ. ಪೂರ್ಣವಾದಾಗ ಬಟ್ಟೆಯ ಮುಂಬದಿಯೂ ಹಿಂಬದಿಯೂ ಒಂದೇ ರೂಪದಲ್ಲಿರುತ್ತವೆ. ಯಂತ್ರವು ಹಾಕಿದ ಹೊಲಿಗೆಯ ಮುಂಬದಿ ಎಷ್ಟೇ ಚೆಲುವಾಗಿದ್ದರೂ, ತಿರುಗಿಸಿ ನೋಡಿದರೆ ಹಿಂಬದಿ ಬೇರೆಯದೇ ಕಥೆಯನ್ನು ಹೇಳುತ್ತದೆ.

ಕಸೂತಿಗೆ ಭೌಗೋಳಿಕ ಸೂಚಕದ ನೋಂದಣಿಯೂ ದೊರೆತಿದೆ. ಆ ಸೂಚಕಗಳ ಕಾಯಿದೆ 1999ರಲ್ಲಿ ಅಂಗೀಕೃತವಾಗಿ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಆದರೆ ಹೆಸರು ನೋಂದಣಿಯಾದ ಮಾತ್ರಕ್ಕೆ ಹೆಸರಿನ ದುರುಪಯೋಗ ನಿಲ್ಲುವುದಿಲ್ಲ. ಗಣಕದ ಯಂತ್ರದಿಂದ ತೆಗೆದ ಹೊಲಿಗೆಯೂ ಅದೇ ಹೆಸರಿನಿಂದ, ಅದೇ ಗಾಜಿನ ಮೇಲೆ, ಕೈಕೆಲಸದ ಪಕ್ಕದಲ್ಲಿಯೇ ಅಲ್ಪ ಬೆಲೆಗೆ ಮಾರಾಟಕ್ಕೆ ಕುಳಿತಿರುತ್ತದೆ. ಅರಿಯದ ಕೊಳ್ಳುವವಳು ಎರಡು ಚಿತ್ರಗಳನ್ನು ನೋಡುತ್ತಾಳೆ, ಎರಡು ಬೆಲೆಗಳನ್ನು ನೋಡುತ್ತಾಳೆ. ಯಂತ್ರದ್ದನ್ನು ಕೊಂಡು ಕಸೂತಿಯನ್ನು ಕೊಂಡೆನೆಂದು ಸಂತೋಷಪಡುತ್ತಾಳೆ. ಇಲ್ಲಿ ಬಲ್ಲವರು ಬಾಯಿ ಮುಚ್ಚಿಕೊಂಡಿದ್ದರೆ ಲಾಭವಾಗುವುದು ಯಾರಿಗೆ? ಅನುಕರಣೆಗೆ. ಹೀಗೆ ಸುಳ್ಳಿಗೆ ಎಡೆಮಾಡಿಕೊಡುವ ಮೌನವನ್ನು ವಿನಯವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ನಮ್ಮ ಶರಣರ ಹೆಸರುಗಳನ್ನೇ ಒಮ್ಮೆ ಮನಸ್ಸಿಗೆ ತಂದುಕೊಳ್ಳಿರಿ. ಜೇಡರ ದಾಸಿಮಯ್ಯ, ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಇವರೆಲ್ಲರ ಕಾಯಕವು ಹೆಸರಿನ ಮುಂದೆಯೇ ನಿಂತಿದೆ. ನೇಯುವವನು, ದೋಣಿ ನಡೆಸುವವನು, ಹಗ್ಗ ಹೊಸೆಯುವವನು ಎಂಬುದನ್ನು ಕೇಳಿದವನು ಮೊದಲು ತಿಳಿಯುತ್ತಾನೆ, ವ್ಯಕ್ತಿಯ ಹೆಸರನ್ನು ಅನಂತರ ತಿಳಿಯುತ್ತಾನೆ. ಇದು ಆತ್ಮಸ್ತುತಿಯೇ? ಖಂಡಿತವಾಗಿಯೂ ಅಲ್ಲ. ನಾನು ದೊಡ್ಡವನೆಂಬ ಮಾತು ಅಲ್ಲಿಲ್ಲ. ನನ್ನ ಕೆಲಸ ಇದು ಎಂಬ ಮಾತು ಮಾತ್ರ ಇದೆ. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗವನ್ನು ಹೊಸೆದು, ಮಾರಿ, ಬಂದುದರಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದರೆಂಬುದು ನಮ್ಮೆಲ್ಲರಿಗೂ ತಿಳಿದ ವಿಷಯ. ಮಾರುವುದು ಅವರಿಗೆ ಲಜ್ಜೆಯ ವಿಷಯವಾಗಿರಲಿಲ್ಲ. ಹೀಗಿರುವಾಗ, ಆ ಹುಡುಗಿಗೆ ಇದನ್ನು ನಾವು ಮಾಡಿದ್ದೇವೆಂದು ಹೇಳಿಕೊಳ್ಳಲು ಲಜ್ಜೆಯೇಕೆ?

ಇಷ್ಟನ್ನೆಲ್ಲ ನಾನು ಆ ಹುಡುಗಿಗೆ ಹೇಳಿದೆನು. ಹೇಳಿ ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಾಗುತ್ತಿತ್ತು. ಮುಂದೆ ನಡೆದುದನ್ನು ಮರೆಮಾಚಿದರೆ ಈ ಬರಹಕ್ಕೆ ಅರ್ಥವಿರುವುದಿಲ್ಲವಾದುದರಿಂದ ಅದನ್ನೂ ನಿವೇದಿಸುತ್ತೇನೆ.

“ನೀವ ಬರದು ಕೊಡ್ರಿ ಕಾಕಾ” ಎಂದು ಅವಳು ಕೇಳಿದಳು. ಮೂವತ್ತು ವರ್ಷ ಕನ್ನಡವನ್ನು ಬೋಧಿಸಿದವನು ನಾನು. ಲೇಖನಿಯನ್ನು ಹಿಡಿದೊಡನೆ ಮಾತು ತಾನಾಗಿ ಹರಿಯಿತು. ನಾಲ್ಕು ವಾಕ್ಯಗಳನ್ನು ಬರೆದೆನು. ಶತಮಾನಗಳ ಪರಂಪರೆ, ತಾಯಿಯಿಂದ ಮಗಳಿಗೆ ಇಳಿದು ಬಂದ ವಿದ್ಯೆ, ಅಪ್ಪಟ ಕೈಮಗ್ಗದ ಸೀರೆಯ ಮೇಲೆ ಅಪ್ಪಟ ಕೈಕಸೂತಿ, ಹೀಗೆ ಸಾಗಿತ್ತು ಆ ಬರಹ. ಓದಲು ಇಂಪಾಗಿತ್ತು. ಅವಳು ಅದನ್ನು ಸೀರೆಗಳ ಚಿತ್ರದ ಕೆಳಗೆ ಹಾಕಿದಳು. ಆ ವಾರವೇ ಎರಡು ಸೀರೆಗಳು ಮಾರಾಟವಾದವು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಆ ಎಂಟು ಮಂದಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ತಾಯಿಯೊಬ್ಬಳಿಗೆ ಓದು ಬಾರದು. ಅವಳು ಆ ಬರಹವನ್ನು ಓದಿಸಿ ಕೇಳಿದಳು. ಕೇಳಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದಳಂತೆ: “ಹೊಲಿಗಿ ನಮ್ಮದು ಖರೆ. ಅರಿವಿ ಪ್ಯಾಟಿದು, ಯಂತ್ರದ್ದು. ಮಗ್ಗದ್ದು ಅಂತ ಯಾಕ ಬರದೀರಿ? ನೇಕಾರರ ಕೂಳು ಕಸಗೊಂಡಂಗ ಆಗೂದಿಲ್ಲೇನು?” ಪರಂಪರೆಯ ಮಾತಿಗೂ ಅವಳು ನಕ್ಕಳಂತೆ. ಎಂಟು ಮಂದಿಯಲ್ಲಿ ತಾಯಿಯಿಂದ ಕಲಿತವರು ಇಬ್ಬರೇ; ಉಳಿದ ಆರು ಮಂದಿ ಮೂರು ವರ್ಷಗಳ ಹಿಂದೆ ತರಬೇತಿಯ ವರ್ಗವೊಂದರಲ್ಲಿ ಕಲಿತವರು.

ಸೀರೆಗಳು ಇಳಕಲ್ ಮಾದರಿಯವು ನಿಜ. ಆದರೆ ಅವು ಪೇಟೆಯಿಂದ ತಂದ ಯಂತ್ರಮಗ್ಗದ ಸೀರೆಗಳು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಅದೇ ಒಂದು ಪ್ರತ್ಯೇಕ ವಿದ್ಯೆ. ಅಂತಹ ಸೀರೆಯನ್ನು ತಂದು ಕಸೂತಿ ಹಾಕುವಷ್ಟು ಬಂಡವಾಳ ಈ ಮಹಿಳೆಯರಲ್ಲಿರಲಿಲ್ಲ. ಇದನ್ನು ವಿಚಾರಿಸಿ ತಿಳಿದುಕೊಳ್ಳುವ ತಾಳ್ಮೆ ನನಗಿರಲಿಲ್ಲ. ‘ಅಪ್ಪಟ’ ಎಂಬ ಶಬ್ದವು ವಾಕ್ಯದಲ್ಲಿ ಎರಡು ಸಲ ಬಂದರೆ ಕಿವಿಗೆ ಚೆನ್ನಾಗಿರುತ್ತದೆಂಬುದಕ್ಕಾಗಿ ನಾನು ‘ಕೈಮಗ್ಗ’ವೆಂದು ಬರೆದಿದ್ದೆನು.

ಬಂಧುಗಳೇ, ಕೈಮಗ್ಗವೆಂಬುದು ಅಲಂಕಾರದ ಶಬ್ದವಲ್ಲ. ಯಂತ್ರಮಗ್ಗದ ಪೈಪೋಟಿಯಿಂದ ನೇಕಾರರನ್ನು ಉಳಿಸಲೆಂದು, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ನಮ್ಮ ದೇಶವು 1985ರಲ್ಲಿ ಮಾಡಿತು. ಕೊಳ್ಳುವವರು ನಿಜವನ್ನು ಗುರುತಿಸಲೆಂದು 2006ರಲ್ಲಿ ಕೈಮಗ್ಗದ ಮುದ್ರೆಯನ್ನು ಜಾರಿಗೆ ತರಲಾಯಿತು. 2019-20ರ ಕೈಮಗ್ಗ ಗಣತಿಯ ಪ್ರಕಾರ ಈ ದೇಶದಲ್ಲಿ 35 ಲಕ್ಷಕ್ಕೂ ಮಿಕ್ಕಿದ ಜನ ನೇಕಾರರು ಹಾಗೂ ಸಹಾಯಕ ಕೆಲಸಗಾರರು ಈ ವೃತ್ತಿಯನ್ನು ಅವಲಂಬಿಸಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಇಷ್ಟು ಜನರ ಶ್ರಮದ ಹೆಸರನ್ನು ನಾನು ಒಂದು ವಾಕ್ಯದ ಲಯಕ್ಕಾಗಿ ಯಂತ್ರದ ಬಟ್ಟೆಗೆ ದಾನಮಾಡಿದ್ದೆನು. ಯಂತ್ರದ ಹೊಲಿಗೆಯನ್ನು ಕಸೂತಿಯೆಂದು ಮಾರುವವನು ಈ ಮಹಿಳೆಯರಿಗೆ ಯಾವ ಅನ್ಯಾಯವನ್ನು ಮಾಡುತ್ತಿದ್ದನೋ, ಅದೇ ಅನ್ಯಾಯವನ್ನು ಇವರ ಅಂಗಡಿಯು ನನ್ನ ಲೇಖನಿಯ ಮೂಲಕ ನೇಕಾರರಿಗೆ ಮಾಡಿತು. ಓದು ಬಾರದ ಆ ತಾಯಿಗೆ ಒಂದೇ ಸಲಕ್ಕೆ ಹೊಳೆದ ಈ ಮಾತು ಓದಿದವನಾದ ನನಗೆ ಹೊಳೆಯಲಿಲ್ಲ.

ಬರಹವನ್ನು ಅಂದೇ ತೆಗೆದುಹಾಕಿದರು. ಸೀರೆ ಕೊಂಡಿದ್ದ ಇಬ್ಬರಿಗೂ ನಡೆದ ತಪ್ಪನ್ನು ತಿಳಿಸಿ, ಸೀರೆಯನ್ನು ಮರಳಿಸಿದರೆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸುವುದಾಗಿ ಬರೆದರು. ಒಬ್ಬರು ಇರಲಿ ಎಂದರು. ಇನ್ನೊಬ್ಬರು ಸೀರೆಯನ್ನು ಮರಳಿಸಿದರು. ಆ ಹಣವನ್ನು ನಾನು ಕೊಡುತ್ತೇನೆಂದಾಗ ಅವರು ಒಪ್ಪಲಿಲ್ಲ.

ಇದಾದ ಮೇಲೆ ಪ್ರಚಾರವೇ ಬೇಡವೆಂದು ನಿರ್ಧರಿಸಬೇಕಾಗಿತ್ತೇ? ನನಗೆ ಹಾಗೆನಿಸಲಿಲ್ಲ. ಮೌನದಿಂದ ಒಂದು ಬಗೆಯ ಅನ್ಯಾಯವೂ, ಹೊಗಳಿಕೆಯಿಂದ ಇನ್ನೊಂದು ಬಗೆಯ ಅನ್ಯಾಯವೂ ಆಗುವುದನ್ನು ಕಂಡಮೇಲೆ, ಇವೆರಡರ ನಡುವೆ ನಡೆಯುವ ದಾರಿಯನ್ನು ಹುಡುಕುವುದೇ ವಿವೇಕ. ಹೊಗಳಿಕೆ ಬೇರೆ, ಪರಿಚಯ ಬೇರೆ. ವಸ್ತುವನ್ನು ಕುರಿತು ಕೊಳ್ಳುವವನ ಮನಸ್ಸಿನಲ್ಲಿ ಮೋಹವನ್ನು ಹುಟ್ಟಿಸುವುದು ಹೊಗಳಿಕೆ. ವಸ್ತುವನ್ನು ಅವನ ಕೈಯಲ್ಲಿಟ್ಟು ನೋಡಗೊಟ್ಟಂತೆ ಮಾಡುವುದು ಪರಿಚಯ. ಎರಡನ್ನೂ ಬೇರ್ಪಡಿಸಲು ನನಗೆ ತೋರಿದ ಮೂರು ಪರೀಕ್ಷೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ಮಾತಿನ ಕರ್ತೃ ಯಾರು? ‘ನಾವು ಶ್ರೇಷ್ಠರು, ನಮ್ಮಂತಹವರು ಬೇರಿಲ್ಲ’ ಎಂಬಲ್ಲಿ ಮಾಡಿದವನು ಮುಂದೆ ಬಂದು ವಸ್ತುವು ಅವನ ನೆರಳಿನಲ್ಲಿ ಮರೆಯಾಗುತ್ತದೆ. ‘ಈ ಸೆರಗಿಗೆ ಗಾವಂತಿ ಹೊಲಿಗೆ ಹಾಕಲು ಇಷ್ಟು ದಿನ ಹಿಡಿದಿದೆ, ಈ ದಾರವನ್ನು ಬಳಸಿದೆ, ತೊಳೆಯುವಾಗ ಹೀಗೆ ತೊಳೆಯಬೇಕು’ ಎಂಬಲ್ಲಿ ವಸ್ತುವೇ ಮುಂದೆ ಬರುತ್ತದೆ. ಮೊದಲ ಮಾತಿನಿಂದ ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ, ಎರಡನೆಯದರಿಂದ ತಿಳಿಯುತ್ತದೆ. ತಿಳಿವನ್ನು ಕೊಡುವ ಮಾತಿನಲ್ಲಿ ಅಹಂಕಾರಕ್ಕೆ ಸ್ಥಳ ಕಡಮೆ.

ಎರಡನೆಯದು: ಹಿಂಬದಿಯನ್ನು ತೋರಿಸಿದ್ದೇವೆಯೇ? ಗಾವಂತಿಯನ್ನು ಹಾಕುವವರಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ. ಮುಂಬದಿಯೂ ಹಿಂಬದಿಯೂ ಒಂದೇ ಆಗಿರುವ ಹೊಲಿಗೆಗೆ, ಮುಂಬದಿಯೊಂದನ್ನೇ ತೋರಿಸುವ ಪ್ರಚಾರ ಒಪ್ಪುವುದೇ? ಬಟ್ಟೆ ಯಂತ್ರದ್ದಾಗಿದ್ದರೆ ಯಂತ್ರದ್ದೆಂದು ಹೇಳಬೇಕು. ಬಣ್ಣ ಬಿಡುವುದಾದರೆ ಬಿಡುವುದೆಂದು ಹೇಳಬೇಕು. ನೇಗಿಯಲ್ಲಿ ಎರಡು ಬದಿಗಳು ಒಂದೇ ಆಗಿರುವುದಿಲ್ಲ. ಅದು ಅದರ ಸ್ವಭಾವ, ದೋಷವಲ್ಲ ಎಂಬುದನ್ನೂ ಹೇಳಬೇಕು. ಕೇಳಿದಾಗ ಹೇಳುವುದಷ್ಟೇ ಸಾಲದು. ಕೇಳಲು ತಿಳಿಯದವರಿಗಾಗಿ ಕೇಳುವ ಮೊದಲೇ ಹೇಳಬೇಕು.

ಮೂರನೆಯದು: ಕೊಳ್ಳುವವನ ಸ್ವಾತಂತ್ರ್ಯವನ್ನು ಉಳಿಸಿದ್ದೇವೆಯೇ? ಈಗಿನ ಪೇಟೆಯಲ್ಲಿ ಮನಸ್ಸನ್ನು ಸೆರೆಹಿಡಿಯುವ ಉಪಾಯಗಳು ಹಲವು. ಕಪಾಟಿನ ತುಂಬ ಸರಕಿದ್ದರೂ ‘ಎರಡೇ ಉಳಿದಿವೆ, ಬೇಗ ಕೊಳ್ಳಿರಿ’ ಎಂದು ಅವಸರ ಮಾಡುವುದು ಒಂದು. ಬೇಡವೆನ್ನುವವನಿಗೆ ನಾಚಿಕೆಯಾಗುವಂತೆ ಮಾತನ್ನು ಜೋಡಿಸುವುದು ಇನ್ನೊಂದು. ಇಂತಹ 13 ಬಗೆಯ ಕಪಟಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಪಟ್ಟಿಮಾಡಿ ನಿಷೇಧಿಸಿದೆ. ಮಾರುವವನೇ ಕೊಂಡವನ ವೇಷ ಧರಿಸಿ ತನ್ನ ವಸ್ತುವನ್ನು ತಾನೇ ಮೆಚ್ಚಿ ಬರೆಯುವುದನ್ನು 2020ರ ಇ-ವಾಣಿಜ್ಯ ನಿಯಮಗಳು ತಡೆದಿವೆ. ಆದರೆ ಕಾಯಿದೆಯು ಬೀಳಬಾರದ ಕೆಳಮಿತಿಯನ್ನು ತೋರಿಸುತ್ತದೆಯೇ ಹೊರತು ಏರಬೇಕಾದ ಎತ್ತರವನ್ನಲ್ಲ.

ಕಾಯಿದೆ ತಡೆಯದ ಒಂದು ಉಪಾಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಅದು ಬಡತನದ ಮಾರಾಟ. ಆ ಹುಡುಗಿಗೆ ತಿಳಿದವರೊಬ್ಬರು ಸಲಹೆಯಿತ್ತರಂತೆ: ಹಿರಿಯ ತಾಯಿಯ ಸೋರುವ ಮಾಳಿಗೆಯ ಚಿತ್ರವನ್ನೂ, ಅವಳ ಒಡೆದ ಕನ್ನಡಕದ ಚಿತ್ರವನ್ನೂ ಹಾಕಿದರೆ ಸೀರೆಗಳು ಬೇಗ ಮಾರಾಟವಾಗುತ್ತವೆ ಎಂದು. ಆಗಬಹುದು. ಆದರೆ ಹಾಗೆ ಕೊಳ್ಳುವವನು ಸೀರೆಯನ್ನು ಕೊಳ್ಳುತ್ತಿಲ್ಲ, ಕನಿಕರವನ್ನು ಕೊಡುತ್ತಿದ್ದಾನೆ. ಎಳೆಯೆಣಿಸಿ ಹಾಕಿದ ಕೆಲಸಕ್ಕೆ ಸಲ್ಲಬೇಕಾದ ಕೂಲಿಯು ಅಲ್ಲಿ ಭಿಕ್ಷೆಯಾಗಿ ಮಾರ್ಪಡುತ್ತದೆ. ಕಾಯಕದ ಹಿರಿಮೆಯಿರುವುದೇ ದುಡಿದವನು ಯಾರ ಮುಂದೆಯೂ ಕೈಚಾಚದೆ ನಿಲ್ಲಬಲ್ಲನೆಂಬುದರಲ್ಲಿ. ಆ ಹಿರಿಮೆಯನ್ನೇ ಕಳೆದು ಸೀರೆಯನ್ನು ಮಾರಿದರೆ ಗಳಿಸಿದ್ದೇನು? ಹಿರಿಯ ತಾಯಿಯು ತನ್ನ ಮಾಳಿಗೆಯ ಚಿತ್ರಕ್ಕೆ ಒಪ್ಪಲಿಲ್ಲ. ತನ್ನ ಕೈಗಳ ಚಿತ್ರಕ್ಕೆ ಒಪ್ಪಿದಳು.

ಇಷ್ಟು ಕಟ್ಟುನಿಟ್ಟಿನಿಂದ ನಡೆದರೆ ವ್ಯಾಪಾರ ನಡೆಯುವುದೇ ಎಂದು ಲೋಕಾನುಭವಿಗಳು ಕೇಳಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸತ್ಯವನ್ನು ನುಡಿದವನಿಗೆ ಲಾಭ ತಪ್ಪದೆ ಬರುತ್ತದೆಂದು ನಾನು ಹೇಳಲಾರೆ. ಮರಳಿ ಬಂದ ಸೀರೆಯ ನಷ್ಟವನ್ನು ಆ ಎಂಟು ಮಂದಿಯೇ ಹೊತ್ತರು. ಆದರೆ ಒಂದನ್ನು ಗಮನಿಸಬೇಕು. ‘ಕಸೂತಿ’ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಅದು ಊರ ನಡುವಿನ ಬಾವಿಯಂತೆ ಎಲ್ಲರಿಗೂ ಸೇರಿದುದು. ಒಬ್ಬನು ತನ್ನ ಕೊಡವನ್ನು ಬೇಗ ತುಂಬಿಕೊಳ್ಳಲು ಅದರಲ್ಲಿ ಕೆಸರೆಬ್ಬಿಸಿದರೆ ಎಲ್ಲರ ಕೊಡಕ್ಕೂ ಬಗ್ಗಡವೇ ಬರುತ್ತದೆ. ಹೆಸರಿನ ಮೇಲಿನ ನಂಬಿಕೆ ಒಮ್ಮೆ ಹೋದರೆ, ನಿಜವಾದ ಕೈಕೆಲಸವನ್ನು ತಂದವಳಿಗೂ ‘ಎಲ್ಲರೂ ಹೀಗೆಯೇ ಹೇಳುತ್ತಾರೆ’ ಎಂಬ ಉತ್ತರ ದೊರೆಯುತ್ತದೆ.

ಹೆಸರನ್ನು ಹೇಳಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೂ ಹತ್ತಿರದ ನಿದರ್ಶನವಿದೆ. ಕೊಲ್ಹಾಪುರಿ ಪಾದರಕ್ಷೆಯೆಂದೊಡನೆ ನಾವು ಮಹಾರಾಷ್ಟ್ರವನ್ನಷ್ಟೇ ನೆನೆಯುತ್ತೇವೆ. ಅದರ ಭೌಗೋಳಿಕ ಸೂಚಕದಲ್ಲಿ ಅಲ್ಲಿಯ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆಯೆಂಬುದು ಎಷ್ಟು ಜನರಿಗೆ ಗೊತ್ತು? 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನಿನ ಪ್ರದರ್ಶನದಲ್ಲಿ ಅದೇ ರೂಪದ ಪಾದರಕ್ಷೆಗಳನ್ನು ತೋರಿಸಿದಾಗ ಮೊದಲು ಅವುಗಳ ಮೂಲವನ್ನು ಹೇಳಿರಲಿಲ್ಲ. ಇಲ್ಲಿಂದ ಆಕ್ಷೇಪಗಳು ಎದ್ದಮೇಲೆಯೇ ಭಾರತದ ಕೈಕೆಲಸದಿಂದ ಸ್ಫೂರ್ತಿ ಪಡೆದುದನ್ನು ಒಪ್ಪಿಕೊಂಡಿತು. ಹರಳಯ್ಯನವರು ಮತ್ತು ಕಲ್ಯಾಣಮ್ಮನವರು ಸಿದ್ಧಪಡಿಸಿ ತಂದ ಪಾದರಕ್ಷೆಗಳನ್ನು ಬಸವಣ್ಣನವರು ಮೆಟ್ಟಲೊಪ್ಪದೆ ತಲೆಯ ಮೇಲೆ ಹೊತ್ತರೆಂದು ನಾವು ಭಕ್ತಿಯಿಂದ ಹೇಳಿಕೊಳ್ಳುತ್ತೇವೆ. ಮಾಡಿದ ಕೈಗಳನ್ನು ಗುರುತಿಸಿ ಗೌರವಿಸಿದ ಆ ಪರಂಪರೆಯ ನಾವು, ಇಂದು ಅಥಣಿಯಲ್ಲಿಯೋ ನಿಪ್ಪಾಣಿಯಲ್ಲಿಯೋ ಅದೇ ಕಾಯಕವನ್ನು ಮಾಡುತ್ತಿರುವವರ ಪೈಕಿ ಒಬ್ಬರನ್ನಾದರೂ ಬಲ್ಲೆವೇ?

ಇಲ್ಲಿಯವರೆಗೆ ಮಾರುವವರ ಧರ್ಮವನ್ನು ಕುರಿತು ಹೇಳಿದೆನು. ಕೊಳ್ಳುವವರಾದ ನಮಗೂ ಧರ್ಮವುಂಟು. ಈ ಮಠದ ನೆರಳಿನಲ್ಲಿ ಓದಿದವರು ಇಂದು ದೇಶವಿದೇಶಗಳಲ್ಲಿ ಹರಡಿಕೊಂಡಿದ್ದೇವೆ. ನಮ್ಮಲ್ಲಿ ಕೊಳ್ಳುವ ಶಕ್ತಿಯಿದೆ. ಆದರೆ ಕೈಕೆಲಸದ ವಸ್ತುವನ್ನು ಕಂಡಾಗ ನಾವು ಮಾಡುವುದೇನು? ಯಂತ್ರದ ವಸ್ತುವಿನ ಬೆಲೆಯನ್ನು ಅದರ ಪಕ್ಕದಲ್ಲಿಟ್ಟು ಚೌಕಾಸಿ ಮಾಡುತ್ತೇವೆ. ಇಲ್ಲವೇ ಪರಿಚಿತರೆಂಬ ದಾಕ್ಷಿಣ್ಯಕ್ಕೆ, ವಸ್ತುವನ್ನು ಬಳಸದೆಯೇ ‘ಅತ್ಯುತ್ತಮ’ವೆಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಮೊದಲನೆಯದು ದುಡಿದವರಿಗೆ ಮಾಡುವ ಅನ್ಯಾಯ. ಎರಡನೆಯದು ನಮ್ಮ ಮಾತನ್ನು ನಂಬಿ ಕೊಳ್ಳುವ ಅಪರಿಚಿತರಿಗೆ ಮಾಡುವ ಅನ್ಯಾಯ. ಕೊಳ್ಳುವ ಮೊದಲು ಕೇಳಿರಿ: ಬಟ್ಟೆ ಯಾವುದು, ಹೊಲಿಗೆ ಯಾವುದು, ಹಿಂಬದಿ ಹೇಗಿದೆ? ಉತ್ತರವು ಮನಸ್ಸಿಗೆ ಒಪ್ಪಿದರೆ ಹೇಳಿದ ಬೆಲೆಯನ್ನು ಕೊಡಿರಿ, ಒಪ್ಪದಿದ್ದರೆ ಕೊಳ್ಳಬೇಡಿರಿ. ಕೊಂಡು, ಉಟ್ಟು, ತೊಳೆದು ನೋಡಿದ ಮೇಲೆ ನಿಮ್ಮ ಅನುಭವವನ್ನು ನಾಲ್ಕು ಜನರಿಗೆ ತಿಳಿಸಿರಿ. ಮಾಡಿದವರು ತಮ್ಮ ಕೆಲಸವನ್ನು ತಾವು ಹೊಗಳಬಾರದೆಂಬ ಹಿರಿಯರ ಮಾತಿನಲ್ಲಿ, ಬಳಸಿದವರು ಅದನ್ನು ಹೇಳುವರೆಂಬ ಭರವಸೆಯೂ ಅಡಗಿತ್ತು. ಆ ಭರವಸೆಯನ್ನು ನಾವು ಉಳಿಸಿಕೊಳ್ಳದೆ, ಅವರಿಂದ ಮೌನವನ್ನು ಮಾತ್ರ ನಿರೀಕ್ಷಿಸುವುದು ನ್ಯಾಯವಲ್ಲ.

ಆ ಪುಟ್ಟ ಅಂಗಡಿಯ ಬರಹವನ್ನು ಈಗ ಅವರೇ ಬರೆದುಕೊಂಡಿದ್ದಾರೆ; ನನ್ನನ್ನು ಕೇಳಲಿಲ್ಲ. ಪ್ರತಿಯೊಂದು ವಸ್ತುವಿಗೂ ಎರಡು ಚಿತ್ರಗಳಿವೆ, ಒಂದು ಮುಂಬದಿಯದು, ಒಂದು ಹಿಂಬದಿಯದು. ಕೆಳಗೆ ಮೂರೇ ಸಾಲು: ಬಟ್ಟೆ ಯಂತ್ರಮಗ್ಗದ್ದು, ಪೇಟೆಯಿಂದ ತಂದದ್ದು, ಹೊಲಿಗೆ ಕೈಯದು, ಇಷ್ಟು ದಿನ ಹಿಡಿಯಿತು, ಹಾಕಿದವರು ಇಂಥವರು. ವ್ಯಾಕರಣದ ಒಂದು ತಪ್ಪೂ ಅದರಲ್ಲಿದೆ. ತಿದ್ದಬೇಕೆಂದು ಕೈ ತುರಿಸಿತಾದರೂ ಸುಮ್ಮನಾದೆನು. ಅನಂತರ ವ್ಯಾಪಾರವು ಹತ್ತು ಮಡಿ ಬೆಳೆಯಿತೆಂದು ಇಲ್ಲಿ ಬರೆದರೆ ನಾನು ಮತ್ತೆ ಅದೇ ತಪ್ಪನ್ನು ಮಾಡಿದಂತಾಗುತ್ತದೆ. ಅಂಗಡಿ ನಡೆಯುತ್ತಿದೆ. ಕೆಲವು ತಿಂಗಳು ಕೂಲಿ ಗಿಟ್ಟುತ್ತದೆ, ಕೆಲವು ತಿಂಗಳು ಗಿಟ್ಟುವುದಿಲ್ಲ. ಕೂಡಿಟ್ಟ ಹಣದಲ್ಲಿ ಒಂದು ಕೈಮಗ್ಗದ ಇಳಕಲ್ ಸೀರೆಯನ್ನು ತಂದು, ಅದರ ಸೆರಗಿಗೆ ಗೋಪುರದ ಕಸೂತಿಯನ್ನು ಆರಂಭಿಸಿದ್ದಾರೆ. ಹಿರಿಯ ತಾಯಿಯೇ ಅದನ್ನು ಹಾಕುತ್ತಿದ್ದಾಳೆ. ಅದು ಪೂರ್ಣವಾದಾಗ ಅದರ ಕೆಳಗೆ ನೇಕಾರರ ಹೆಸರನ್ನೂ ಬರೆಯಬೇಕೆಂಬುದು ಅವಳ ಷರತ್ತು.